ವಿಡಿಯೊ ಗೇಮ್ ಕಂಪನಿಯ ಷೇರನ್ನು ಅಳೆಯುವುದು ಹೇಗೆ? ನಜಾರಾದ ನಿದರ್ಶನ

ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಕಲಿತ ಯುವಕರು ಇಂದು ಮೊಬೈಲಿನಲ್ಲಿಯೇ ಷೇರು ಕೊಳ್ಳಬಲ್ಲರು. ಆದರೆ ಕಂಪನಿಗಳ ವಾರ್ಷಿಕ ವರದಿಗಳು ಇರುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ಯಾರೋ ಕಳುಹಿಸಿದ ಎರಡು ಸಾಲಿನ ಸಲಹೆ. ದ್ರಾಕ್ಷಿ, ದಾಳಿಂಬೆ ಬೆಳೆದು ಉಳಿಸಿದ ಹಣ ಅಂಥ ಸಲಹೆಯನ್ನು ನಂಬಿ ಹೋಗಬಾರದು. ಆದ್ದರಿಂದ ಮುಂಬಯಿಯ ನಜಾರಾ ಟೆಕ್ನಾಲಜೀಸ್ ಕಂಪನಿಯನ್ನು ನಿದರ್ಶನವಾಗಿಟ್ಟುಕೊಂಡು ನಾಲ್ಕು ಅಳತೆಗೋಲುಗಳನ್ನು ವಿವರಿಸುತ್ತೇವೆ. ಇದು ಕೊಳ್ಳಿರಿ ಅಥವಾ ಮಾರಿರಿ ಎಂಬ ಸಲಹೆಯಲ್ಲ.

1. ಹೂಡಿದ ಹಣ ಯಾರಿಗೆ ಸೇರಿತು?
2021ರ ಮಾರ್ಚ್‌ನಲ್ಲಿ ನಜಾರಾ 1,101 ರೂಪಾಯಿ ದರದಲ್ಲಿ ಸಾರ್ವಜನಿಕರಿಗೆ ಷೇರು ನೀಡಿತು. ಅವೆಲ್ಲವೂ ಹಳೆಯ ಷೇರುದಾರರು ಮಾರಿದ ಷೇರುಗಳು. ಆ ಹಣ ಅವರಿಗೆ ಸೇರಿತೇ ಹೊರತು ಕಂಪನಿಯ ಬೆಳವಣಿಗೆಗೆ ಬಂಡವಾಳವಾಗಲಿಲ್ಲ.

2. ಆದಾಯದ ಮೂಲ ಯಾವುದು?
ಮಕ್ಕಳ ಕಲಿಕೆಯ ‘ಕಿಡ್ಡೋಪಿಯಾ’ ಆ್ಯಪ್‌ಗೆ ಮುಖ್ಯವಾಗಿ ಅಮೆರಿಕದ ಪೋಷಕರು ಚಂದಾ ಕಟ್ಟುತ್ತಾರೆ. 2021ರಲ್ಲಿ ಆ್ಯಪಲ್ ಕಂಪನಿ ಖಾಸಗಿತನದ ನಿಯಮವನ್ನು ಬಿಗಿಗೊಳಿಸಿದಾಗ ಸರಿಯಾದ ಗ್ರಾಹಕರಿಗೆ ಜಾಹೀರಾತು ತಲುಪಿಸುವುದು ದುಬಾರಿಯಾಯಿತು. ಒಬ್ಬ ಚಂದಾದಾರನನ್ನು ಪಡೆಯುವ ವೆಚ್ಚ, ಅವನು ಎಷ್ಟು ತಿಂಗಳು ಉಳಿಯುತ್ತಾನೆ ಎಂಬ ಎರಡು ಅಂಕಿಗಳನ್ನು ಒಟ್ಟಿಗೆ ನೋಡಬೇಕು.

3. ಬೆಳವಣಿಗೆ ಸ್ವಂತದ್ದೋ, ಕೊಂಡದ್ದೋ?
ನಜಾರಾ 2024ರಲ್ಲಿ ಬ್ರಿಟನ್ನಿನ ಫ್ಯೂಸ್‌ಬಾಕ್ಸ್ ಗೇಮ್ಸ್ ಕಂಪನಿಯನ್ನು, 2025ರಲ್ಲಿ ಕರ್ವ್ ಗೇಮ್ಸ್ ಕಂಪನಿಯನ್ನು ಖರೀದಿಸಿತು. ಖರೀದಿಯಿಂದ ಆದಾಯ ಹಿಗ್ಗುವುದು ಸಹಜ. ಹಳೆಯ ಆಟಗಳ ಆದಾಯವನ್ನು ಬೇರೆಯಾಗಿ ಹೋಲಿಸಿದಾಗ ಮಾತ್ರ ನಿಜವಾದ ಬೆಳವಣಿಗೆ ಕಾಣುತ್ತದೆ.

4. ಕಾನೂನಿನ ಅಪಾಯ ಎಷ್ಟು?
2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಪೋಕರ್‌ಬಾಜಿ ನಡೆಸುತ್ತಿದ್ದ ಮೂನ್‌ಶೈನ್ ಕಂಪನಿಯಲ್ಲಿ ನಜಾರಾಕ್ಕೆ ಪ್ರತಿಶತ 46ರಷ್ಟು ಪಾಲಿತ್ತು. ಆ ಕಂಪನಿಯ ವಹಿವಾಟು ನಜಾರಾದ ಒಟ್ಟು ಆದಾಯದಲ್ಲಿ ಸೇರುತ್ತಿರಲಿಲ್ಲ; ಆದರೂ ನಜಾರಾದ ಷೇರು ತೀವ್ರವಾಗಿ ಕುಸಿಯಿತು. ಆದಾಯದ ಪಟ್ಟಿಯಲ್ಲಿ ಕಾಣದ ಅಪಾಯ ಹೂಡಿಕೆಯ ಪಟ್ಟಿಯಲ್ಲಿ ಅಡಗಿರಬಹುದು.

ಇನ್ನೊಂದು ಎಚ್ಚರಿಕೆ: ಷೇರಿನ ಹಳೆಯ ದರವನ್ನು ಇಂದಿನ ದರದೊಡನೆ ನೇರವಾಗಿ ಹೋಲಿಸಬಾರದು. 2022ರಲ್ಲಿ ಒಂದಕ್ಕೊಂದು ಬೋನಸ್, 2025ರ ಸೆಪ್ಟೆಂಬರ್‌ನಲ್ಲಿ ಷೇರು ವಿಭಜನೆ ಹಾಗೂ ಮತ್ತೊಂದು ಬೋನಸ್ ನಡೆದು, 2021ರ ಒಂದು ಷೇರು ಎಂಟಾಗಿದೆ. ಅಂದಿನ 1,101 ರೂಪಾಯಿ ಇಂದಿನ ಲೆಕ್ಕದಲ್ಲಿ ಸುಮಾರು 138 ರೂಪಾಯಿಗೆ ಸಮ. ಇದನ್ನರಿಯದವನಿಗೆ ‘ಭಾರೀ ಅಗ್ಗ’ ಎಂದು ಷೇರು ಮಾರುವುದು ಸುಲಭ.

ಈ ಮಾಹಿತಿಯೆಲ್ಲ ಷೇರುಪೇಟೆಗಳ ಜಾಲತಾಣಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಇಂಗ್ಲಿಷ್ ಓದಬಲ್ಲ ಶಿಕ್ಷಕರು, ಪದವೀಧರರು ತಮ್ಮ ಊರಿನವರಿಗೆ ಇದನ್ನು ಕನ್ನಡದಲ್ಲಿ ಓದಿ ತಿಳಿಸಬೇಕೆಂದು ವಿನಂತಿಸುತ್ತೇವೆ.