ಕೋದಂಡದಿಂದ ವಾಟ್ಸಾಪ್ ಗ್ರೂಪಿಗೆ

ಮಳವಳ್ಳಿ ಕಡೆಯ ನಮ್ಮ ತಾತ ಕೂಲಿಮಠದ ಕಥೆ ಹೇಳುವಾಗ ತೊಟ್ಟಿಮನೆಯ ತೊಲೆ ತೋರಿಸೋರು. ಅಂಥದ್ದೇ ತೊಲೆಗೆ ಹಗ್ಗ ಇಳಿಬಿಟ್ಟು, ಪಾಠ ಒಪ್ಪಿಸದ ಹುಡುಗ ಅದನ್ನ ಹಿಡಿದು ನೇತಾಡಬೇಕಿತ್ತಂತೆ. ಕೈ ಬಿಟ್ಟರೆ ಕೆಳಗೆ ಬೆತ್ತ. ಈ ಶಿಕ್ಷೆಗೆ ‘ಕೋದಂಡ’ ಅಂತ ಹೆಸರು. ರಾಮನ ಬಿಲ್ಲಿನ ಹೆಸರನ್ನ ಇದಕ್ಕೆ ಯಾವ ಪುಣ್ಯಾತ್ಮ ಇಟ್ಟನೋ! ಅನುಭವಿಸಿದ್ದು ತಾತನ ಅಪ್ಪ. ಅವರು ಹೇಳ್ತಿದ್ದ ಮಾತನ್ನ ತಾತ ಹಾಗೇ ಹೇಳೋರು: “ಕೈನೋವು ಎರಡು ದಿನ್ಕೆ ಹೋಯ್ತದೆ ಕಣ್ಲಾ, ಮಿಕ್ಕ ಹೈಕ್ಳು ನಕ್ಕಿದ್ದು ಹೋಗಕಿಲ್ಲ.”

ಅದು ನನಗೆ ಅರ್ಥವಾಗಿದ್ದು ತೊಂಬತ್ತರ ದಶಕದಲ್ಲಿ, ಮದ್ದೂರಿನಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ. ನಮ್ಮ ಮೇಷ್ಟ್ರು ಹೆಚ್ಚು ಹೊಡೀತಿರಲಿಲ್ಲ. ಉತ್ತರಪತ್ರಿಕೆಯನ್ನ ಮಾರ್ಕ್ಸಿನ ಕ್ರಮದಲ್ಲಿ, ಹೆಸರು ಕೂಗಿ ಹಂಚೋರು. ಕಟ್ಟು ಕರಗುತ್ತಾ ಬಂದ ಹಾಗೆ ಕ್ಲಾಸು ಹಿಂದಿನ ಬೆಂಚಿನ ಕಡೆ ತಿರುಗೋದು. ಒಂದು ಸಲ ಕೊನೆಯ ಪತ್ರಿಕೆ ನನ್ನದಾಯ್ತು. ಮಾರನೇ ದಿನ ಹೊಟ್ಟೆನೋವು ಅಂದೆ. ಅಮ್ಮ ಓಮದ ಕಷಾಯ ಕೊಟ್ಟರು. ಮೂರು ದಿನ ಸ್ಕೂಲಿಗೆ ಹೋಗಲಿಲ್ಲ, ಯಾಕೆ ಅಂತ ಯಾರೂ ಕೇಳಲಿಲ್ಲ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೇ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತ ಮೂಲೆ ಸೇರಿದ್ದು ನಮಗೆಲ್ಲ ಗೊತ್ತು. ಆ ಎರಡನೇ ಪದವನ್ನ ಮಾತ್ರ ಹೆಚ್ಚು ಜನ ಓದಿದಂತಿಲ್ಲ.

ಆಮೇಲೆ ಕೊರೊನಾ. 2020ರ ಆಗಸ್ಟಿನಲ್ಲಿ ಸರ್ಕಾರ ‘ವಿದ್ಯಾಗಮ’ ಶುರು ಮಾಡಿದಾಗ ಮಕ್ಕಳನ್ನ ಫೋನಿನ ಲೆಕ್ಕದಲ್ಲೇ ವಿಂಗಡಿಸಿದರು: ಸ್ಮಾರ್ಟ್‌ಫೋನ್ ಇರೋರು, ಸಾದಾ ಫೋನ್ ಇರೋರು, ಏನೂ ಇಲ್ಲದೋರು. ಮಳವಳ್ಳಿ ಕಡೆ ಸರ್ಕಾರಿ ಶಾಲೆಯ ಟೀಚರಾಗಿರುವ ನಮ್ಮಕ್ಕ ಅರಳಿಕಟ್ಟೆ ಮೇಲೆ, ದೇವಸ್ಥಾನದ ಜಗಲಿ ಮೇಲೆ ಪಾಠ ಮಾಡಿದಳು. “ಕ್ಲಾಸಲ್ಲಿ ಬಾಯೇ ಬಿಡದ ಹುಡುಗ ಕಟ್ಟೆ ಮೇಲೆ, ಅಪ್ಪ ಕುಡಿದು ಬರೋದನ್ನ ಹೇಳ್ದ ಕಣೋ” ಅಂದಿದ್ದಳು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದು ನಿಂತಿತು. ಶಾಲೆ ತೆರೆದ ಮೇಲೆ ಕಟ್ಟೆ ಖಾಲಿಯಾಯ್ತು, ವಾಟ್ಸಾಪ್ ಗ್ರೂಪು ಮಾತ್ರ ಉಳೀತು.

ಹೋದ ವರ್ಷ ಮಂಡ್ಯದಲ್ಲಿ ಓದುವ ಅಣ್ಣನ ಮಗಳು ಹೊಟ್ಟೆನೋವು ಅಂದಳು. ಅಮ್ಮ ಓಮ ಹುಡುಕೋಕೆ ಎದ್ದರು. ನಾನು ಅವಳ ಪಕ್ಕ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಫೋನ್ ಕೊಟ್ಟಳು. ಟೆಸ್ಟಿನ ಅಂಕಪಟ್ಟಿ, ಎಲ್ಲರ ಹೆಸರಿನ ಜೊತೆ, ಪೋಷಕರ ಗ್ರೂಪಿನಲ್ಲಿ. ಕೊನೆಯ ಮೂರಕ್ಕೆ ಕೆಂಪು ಗೆರೆ. ಯಾರೋ ಅದನ್ನ ಮಕ್ಕಳ ಗ್ರೂಪಿಗೆ ದಾಟಿಸಿ, ಅವಳ ಫೋಟೋ ಸೇರಿಸಿ ಸ್ಟಿಕ್ಕರ್ ಮಾಡಿದ್ದರು. ನನ್ನ ಕಾಲದಲ್ಲಿ ಕ್ಲಾಸು ನಾಲ್ಕು ಗಂಟೆಗೆ ಮುಗೀತಿತ್ತು. ಇವಳಿಗೆ ರಾತ್ರಿ ಹನ್ನೊಂದಕ್ಕೂ ನಗೋರು ಇದ್ದರು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ಆದರೆ ಪಟ್ಟಿ ಕೇಳಿದ್ದೇ ಪೋಷಕರು! “ಬೇರೆ ಮಕ್ಕಳು ಎಷ್ಟು ತೆಗೆದಿದ್ದಾರೆ ಅಂತ ಅವರೇ ಕೇಳ್ತಾರೆ ಸರ್” ಅಂದರು ಕ್ಲಾಸ್ ಟೀಚರ್. ಸುಳ್ಳಲ್ಲ, ನಮ್ಮಣ್ಣನೂ ಕೇಳಿದ್ದ. ಸಹಾಯ ಬೇಕಾದರೆ 2022ರಲ್ಲಿ ಶುರುವಾದ ಟೆಲಿ-ಮನಸ್ ಇದೆ, 14416. ನಂಬರನ್ನ ಅವಳ ಫೋನಿನಲ್ಲೂ ಅಣ್ಣನ ಫೋನಿನಲ್ಲೂ ಹಾಕಿಟ್ಟೆ. ಅಣ್ಣ, “ನನಗ್ಯಾಕೋ?” ಅಂದ.

ಈಗ ಆ ಟೀಚರ್ ಅಂಕಗಳನ್ನ ಒಬ್ಬೊಬ್ಬರ ಮನೆಗೇ ಕಳಿಸ್ತಾರೆ. ಸ್ಟಿಕ್ಕರ್ ಇನ್ನೂ ಯಾರ್‍ಯಾರ ಫೋನಲ್ಲಿದೆಯೋ. ಹೋದ ವಾರ ಅವಳೇ ಫೋನ್ ಮಾಡಿ ಕೇಳಿದಳು: “ಚಿಕ್ಕಪ್ಪ, ನಿಂದೂ ಲಾಸ್ಟ್ ಪೇಪರ್ ಆಗಿತ್ತಲ್ಲ, ಎಷ್ಟು ಬಂದಿತ್ತು?” ಐವತ್ತಕ್ಕೆ ಒಂಬತ್ತು ಅಂದೆ. ಜೋರಾಗಿ ನಕ್ಕಳು.