ಕಂಡವನೇ ಬಲ್ಲವನು

ಹಳ್ಳಿಯ ಹಿರಿಯರನ್ನು ಏನಾದರೂ ಕೇಳಿದರೆ ‘ನಾ ಕಾಣೆನಪ್ಪ’ ಎನ್ನುವುದುಂಟು. ಕಣ್ಣಿಗೆ ಬೀಳಲಿಲ್ಲವೆಂದು ಅದರ ಅರ್ಥವಲ್ಲ, ತಿಳಿಯದು ಎಂದು. ಕಾಣುವುದಕ್ಕೂ ತಿಳಿಯುವುದಕ್ಕೂ ಇರುವ ಈ ನಂಟು ಬೇರೊಂದು ಭಾಷಾಕುಲದಲ್ಲಿಯೂ ಬಹು ಹಿಂದೆಯೇ ಬೆಳೆದಿತ್ತು.

ಸಂಸ್ಕೃತದ ‘ವಿದ್’ ಧಾತು ನಮಗೆ ಪರಿಚಿತವೇ. ವೇದ, ವಿದ್ಯೆ, ವಿದ್ವಾಂಸ ಎಲ್ಲವೂ ಅದರಿಂದ ಬಂದವು. ಲ್ಯಾಟಿನ್ನಿನ ‘ವಿದೇರೆ’ ಎಂದರೆ ನೋಡುವುದು. ಗ್ರೀಕಿನ ‘ಒಯ್ದ’ ಎಂದರೆ ಬಲ್ಲೆ. ಮೊದಲಿನ ವಕಾರ ಅಲ್ಲಿ ಸವೆದುಹೋಗಿದೆ. ಗಾಥಿಕ್ ಭಾಷೆಯ ‘ವೈಟ್’ ಎಂಬುದಕ್ಕೂ ಬಲ್ಲೆ ಎಂದೇ ಅರ್ಥ. ಇಂಥ ಭಾಷೆಗಳೆಲ್ಲ ಪ್ರಾಯಶಃ ಈಗ ಉಳಿದಿರದ ಒಂದೇ ಮೂಲದಿಂದ ಬಂದವೆಂದು ವಿಲಿಯಂ ಜೋನ್ಸನು 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದನು. ಈ ಮಾತುಗಳ ಮೂಲಧಾತುವನ್ನು ವಿದ್ವಾಂಸರು ‘ವೆಯ್ದ್’ ಎಂದು ಊಹಿಸಿ, ಅದರ ಮುಂದೆ ಒಂದು ನಕ್ಷತ್ರ ಚಿಹ್ನೆ ಇಡುತ್ತಾರೆ.

ಕಿವಿಗೆ ಒಂದೇ ಬಗೆಯಾಗಿ ಕೇಳಿದ ಮಾತ್ರಕ್ಕೆ ನೆಂಟಸ್ತನ ಹೇಳಬಹುದೆ? ಕೂಡದು. ಸಂಸ್ಕೃತದ ದಕಾರಕ್ಕೆ ಇಂಗ್ಲಿಷಿನಂಥ ಜರ್ಮಾನಿಕ್ ಭಾಷೆಗಳಲ್ಲಿ ಟಕಾರ ನಿಯಮವಾಗಿ ನಿಲ್ಲುತ್ತದೆ: ದಶ–ಟೆನ್, ದ್ವಿ–ಟೂ, ಪಾದ–ಫುಟ್. ಈ ನಿಯಮವನ್ನು ಯಾಕೋಬ್ ಗ್ರಿಮ್ 1822ರಲ್ಲಿ ವಿಶದಪಡಿಸಿದನು. ಆದುದರಿಂದ ‘ವಿದ್’ಗೆ ಇಂಗ್ಲಿಷಿನ ‘ವಿಟ್’ ಎದುರಾಗುವುದು ಆಕಸ್ಮಿಕವಲ್ಲ. ಇನ್ನೂ ಬಲವಾದ ಸಾಕ್ಷ್ಯ ವ್ಯಾಕರಣದಲ್ಲಿದೆ. ‘ಬಲ್ಲೆ’ ಎನ್ನಲು ಸಂಸ್ಕೃತದಲ್ಲಿ ‘ವೇದ’ ಎಂಬ ರೂಪವುಂಟು. ‘ವೇದ’, ‘ಒಯ್ದ’, ‘ವೈಟ್’ ಮೂರರಲ್ಲಿಯೂ ರೂಪ ಮುಗಿದ ಕ್ರಿಯೆಯದು, ಅರ್ಥ ವರ್ತಮಾನದ್ದು. ಸಂಸ್ಕೃತದಲ್ಲಿಯೂ ಗ್ರೀಕಿನಲ್ಲಿಯೂ ಇಂಥ ರೂಪಗಳಲ್ಲಿ ಸಾಮಾನ್ಯವಾಗಿ ಧಾತುವಿನ ಮೊದಲು ಇಮ್ಮಡಿಸುತ್ತದೆ. ಈ ಒಂದು ಮಾತಿನಲ್ಲಿ ಮಾತ್ರ ಎರಡರಲ್ಲಿಯೂ ಇಮ್ಮಡಿಸದು. ಒಂದೇ ಅಪವಾದವನ್ನು ಇಬ್ಬರೂ ಉಳಿಸಿಕೊಂಡಿರುವುದು ಒಂದೇ ಮನೆಯಲ್ಲಿ ಹುಟ್ಟಿದ್ದರ ಗುರುತು. ‘ಕಂಡಿದ್ದೇನೆ, ಆದುದರಿಂದ ಬಲ್ಲೆ’ ಎಂಬುದೇ ಆ ಮನೆಯವರ ತರ್ಕ.

ಕನ್ನಡಕ್ಕೆ ಈ ಧಾತುವಿನ ಸಂತತಿ ಹಲವು ಬಾಗಿಲುಗಳಿಂದ ಬಂದಿದೆ. ‘ವಿದ್ಯೆ’ ಹಳಗನ್ನಡದಲ್ಲಿ ‘ಬಿಜ್ಜೆ’ಯಾಯಿತು. ಈಚೆಗೆ ಇಂಗ್ಲಿಷಿನ ಮೂಲಕ ಐಡಿಯಾ, ವೀಸಾ, ವಿಡಿಯೊ ಬಂದವು. ಇವರೆಲ್ಲ ನಮ್ಮ ಮನೆಗೆ ಬಂದ ಸೊಸೆಯರೇ ಹೊರತು ಇಲ್ಲಿ ಹುಟ್ಟಿದ ಹೆಣ್ಣುಮಕ್ಕಳಲ್ಲ. ದ್ರಾವಿಡ ಭಾಷೆಗಳದು ಬೇರೆಯೇ ಕುಲವೆಂಬುದನ್ನು ಕಾಲ್ಡ್‌ವೆಲ್ 1856ರ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದ್ದಾನೆ.

ಹಾಗಾದರೆ ನಮ್ಮ ‘ಕಾಣೆ’? ಅದು ಅಚ್ಚ ದ್ರಾವಿಡ. ‘ವಿದ್’ಗೂ ಅದಕ್ಕೂ ರಕ್ತಸಂಬಂಧವಿಲ್ಲ. ಆದರೂ ಕಂಡವನೇ ಬಲ್ಲವನೆಂಬ ಭಾವ ಎರಡು ಕುಲಗಳಲ್ಲಿಯೂ ಮೂಡಿದೆ. ಕುಲವನ್ನು ಧ್ವನಿನಿಯಮದಿಂದ ಅಳೆಯಬಹುದು, ಭಾವಕ್ಕೆ ಕುಲವಿಲ್ಲ. ಎರಡನ್ನೂ ಬೆರೆಸಿ, ಎಲ್ಲವೂ ಸಂಸ್ಕೃತದ್ದೆಂದೋ ಎಲ್ಲವೂ ನಮ್ಮದೆಂದೋ ಹಟ ಹಿಡಿಯುವವರು ಆ ನಕ್ಷತ್ರ ಚಿಹ್ನೆಯನ್ನು ನೆನೆಯಬೇಕು. ಯಾವ ಶಾಸನದಲ್ಲಿಯೂ ಯಾವ ಗ್ರಂಥದಲ್ಲಿಯೂ ಈ ರೂಪ ಸಿಕ್ಕಿಲ್ಲವೆಂದು ಅದು ಹೇಳುತ್ತದೆ. ವಿದ್ವಾಂಸರ ಬಾಯಲ್ಲಿ ಅದೂ ಒಂದು ‘ಕಾಣೆ’ಯೇ.