ಗಂಡನ ಕೈಯಲ್ಲಿ ವೀಸಾ, ಹೆಂಡತಿಯ ಬಾಯಿಗೆ ಬೀಗ

1992ರ ಸೆಪ್ಟೆಂಬರ್ 25ರಂದು ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯ ಕಿರಣ್‌ಜಿತ್ ಅಹ್ಲುವಾಲಿಯಾ ಎಂಬ ಪಂಜಾಬಿ ಮಹಿಳೆಯನ್ನು ಬಿಡುಗಡೆ ಮಾಡಿತು. ಗಂಡನನ್ನು ಕೊಂದ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದವರು ಆಕೆ. ಬ್ರಿಟನ್ನಿನ ಕಾನೂನು ಚರಿತ್ರೆಯಲ್ಲಿ ಈ ಮೊಕದ್ದಮೆಗೆ ವಿಶೇಷ ಸ್ಥಾನವಿದೆ. ಆದರೆ ಅದು ಎತ್ತಿದ ಪ್ರಶ್ನೆ ಒಂದು ನ್ಯಾಯಾಲಯದಲ್ಲಿ ಮುಗಿಯುವಂಥದ್ದಲ್ಲ. ಹತ್ತು ವರ್ಷ ಹೊಡೆತ ತಿಂದ ಹೆಣ್ಣುಮಗಳೊಬ್ಬಳು ಅಷ್ಟು ಕಾಲ ಆ ಮನೆಯಲ್ಲೇ ಏಕೆ ಉಳಿದಳು? ದೂರದ ನಾಡಿಗೆ ಮದುವೆಯಾಗಿ ಹೋದ ಸಾವಿರಾರು ಹೆಣ್ಣುಮಕ್ಕಳ ಬದುಕಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ಕಿರಣ್‌ಜಿತ್ ಮದುವೆಯಾಗಿ ಇಂಗ್ಲೆಂಡಿಗೆ ಹೋದದ್ದು 1979ರಲ್ಲಿ. ಎರಡು ಗಂಡು ಮಕ್ಕಳಾದವು. ಹೊಡೆತ, ಬೆದರಿಕೆ, ಅವಮಾನ ಮಾತ್ರ ನಿಲ್ಲಲಿಲ್ಲ. ಆಕೆ ಸುಮ್ಮನಿದ್ದರೆನ್ನುವುದು ಪೂರ್ಣ ಸತ್ಯವಲ್ಲ. ಎರಡು ಬಾರಿ ನ್ಯಾಯಾಲಯದಿಂದ ಗಂಡನ ವಿರುದ್ಧ ತಡೆಯಾಜ್ಞೆ ತಂದಿದ್ದರು. ಆದರೂ ಹಿಂಸೆ ಮುಂದುವರಿಯಿತು. ಮನೆ ಬಿಟ್ಟು ಹೋಗಲು ಯತ್ನಿಸಿದಾಗ ಕುಟುಂಬದ ಮರ್ಯಾದೆಯ ಮಾತು ಅಡ್ಡ ಬಂತು. 1989ರ ಮೇ ತಿಂಗಳ ಒಂದು ರಾತ್ರಿ, ಕಾದ ಇಸ್ತ್ರಿ ಪೆಟ್ಟಿಗೆಯಿಂದ ತನ್ನ ಮುಖವನ್ನು ಸುಡಲು ಬಂದ ಗಂಡ ನಿದ್ರೆ ಹೋದ ಮೇಲೆ, ಅವನ ಹಾಸಿಗೆಗೆ ಪೆಟ್ರೋಲು ಸುರಿದು ಬೆಂಕಿ ಹಚ್ಚಿದರು. ಕೆಲವು ದಿನಗಳ ನಂತರ ಆತ ಆಸ್ಪತ್ರೆಯಲ್ಲಿ ಸತ್ತ. ಅದೇ ಡಿಸೆಂಬರಿನಲ್ಲಿ ಲ್ಯೂಯಿಸ್ ನಗರದ ನ್ಯಾಯಾಲಯ ಆಕೆಯನ್ನು ಕೊಲೆ ಅಪರಾಧಿ ಎಂದು ಘೋಷಿಸಿತು. ವಿಚಾರಣೆಯಲ್ಲಿ ಆಕೆ ಸಾಕ್ಷಿ ಕಟ್ಟೆ ಹತ್ತಲೇ ಇಲ್ಲ.

ಅವಲಂಬಿತರಾಗಿ ಬಂದವರು

ಈ ಮೌನದ ಬೇರುಗಳನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನ ಎರಕದ ಕಾರ್ಖಾನೆ, ಜವಳಿ ಗಿರಣಿಗಳಿಗೆ ಕೈಗಳು ಬೇಕಾದವು. ಪಂಜಾಬು, ಗುಜರಾತು ಮತ್ತು ಪಾಕಿಸ್ತಾನದಿಂದ ಗಂಡಸರು ಹೋದರು. 1962ರ ಕಾಮನ್‌ವೆಲ್ತ್ ವಲಸೆ ಕಾಯ್ದೆ, ನಂತರ 1971ರ ವಲಸೆ ಕಾಯ್ದೆ ಬಾಗಿಲನ್ನು ಕಿರಿದಾಗಿಸಿದವು. ಆಗ ಅಲ್ಲಿ ನೆಲೆಸಿದ್ದವರು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಸರ್ಕಾರದ ಕಡತದಲ್ಲಿ ಹೆಂಡತಿಗೆ ಇದ್ದ ಹೆಸರು 'ಅವಲಂಬಿತೆ'. ಆಕೆ ಆ ದೇಶದಲ್ಲಿ ಇರುವುದಕ್ಕೆ ಕಾರಣ ಗಂಡ. ಗಂಡನಿಲ್ಲದಿದ್ದರೆ ಕಾರಣವೂ ಇಲ್ಲ.

ಸರ್ಕಾರದೊಂದಿಗೆ ಈ ಹೆಣ್ಣುಮಕ್ಕಳ ಮೊದಲ ಭೇಟಿಯೂ ನಂಬಿಕೆ ಹುಟ್ಟಿಸುವಂತಿರಲಿಲ್ಲ. 1979ರ ಜನವರಿಯಲ್ಲಿ ಮದುವೆಗೆಂದು ಹೀತ್ರೂ ವಿಮಾನ ನಿಲ್ದಾಣಕ್ಕೆ ಬಂದಿಳಿದ ಭಾರತೀಯ ಮಹಿಳೆಯೊಬ್ಬರನ್ನು ಅಧಿಕಾರಿಗಳು 'ಕನ್ಯತ್ವ ಪರೀಕ್ಷೆ'ಗೆ ಒಳಪಡಿಸಿದ ಸುದ್ದಿ 'ಗಾರ್ಡಿಯನ್' ಪತ್ರಿಕೆಯಲ್ಲಿ ಬಂದು ದೊಡ್ಡ ಗಲಾಟೆಯಾಯಿತು. ಸಮವಸ್ತ್ರ ಕಂಡರೆ ಹೆದರುವಂತೆ ಮಾಡಿದ ವ್ಯವಸ್ಥೆಯ ಬಳಿಗೇ ಹೋಗಿ 'ನನ್ನ ಗಂಡ ಹೊಡೆಯುತ್ತಾನೆ' ಎಂದು ಹೇಳಿಕೊಳ್ಳುವುದು ಸುಲಭವಲ್ಲ.

ಬ್ರಿಟನ್ನಿನಲ್ಲಿ ಕಾನೂನು ಇರಲಿಲ್ಲವೆಂದಲ್ಲ. ಹೊಡೆತಕ್ಕೆ ಗುರಿಯಾದ ಹೆಂಗಸರಿಗಾಗಿ ಲಂಡನ್ನಿನ ಚಿಸ್ವಿಕ್‌ನಲ್ಲಿ 1971ರಲ್ಲೇ ಆಶ್ರಯಧಾಮ ತೆರೆದಿತ್ತು. ಹಿಂಸಿಸುವ ಗಂಡನನ್ನು ಮನೆಯಿಂದ ಹೊರಗಿಡಲು ಆದೇಶ ಪಡೆಯುವ ಅವಕಾಶವನ್ನು 1976ರ ಕಾಯ್ದೆ ಕೊಟ್ಟಿತ್ತು. ಆದರೆ ಇವೆಲ್ಲ ಇಂಗ್ಲಿಷ್ ಬಲ್ಲ, ತವರು ಹತ್ತಿರವಿರುವ, ಕೈಯಲ್ಲಿ ನಾಲ್ಕು ಕಾಸು ಇರುವ ಹೆಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡ ಏರ್ಪಾಡುಗಳು. ಪೊಲೀಸರು ಮನೆಗೆ ಬಂದರೂ ಇಂಗ್ಲಿಷ್ ಬಾರದ ಹೆಂಡತಿಯ ಮಾತನ್ನು ಅವರಿಗೆ ತಿಳಿಸುವವರು ಯಾರು? ಅನೇಕ ಮನೆಗಳಲ್ಲಿ ಅದು ಗಂಡ, ಇಲ್ಲವೇ ಶಾಲೆಗೆ ಹೋಗುವ ಮಗು!

ಇನ್ನೊಂದು ತೊಡಕು ಸಮುದಾಯದ ಒಳಗಿನದು. ಬೀದಿಯಲ್ಲಿ ಜನಾಂಗ ದ್ವೇಷವನ್ನು ಎದುರಿಸುತ್ತಿದ್ದ ಜನ, ಮನೆಯ ಹುಳುಕು ಹೊರಗೆ ಹೋದರೆ ಬಿಳಿಯರ ಬಾಯಿಗೆ ಕೋಲು ಕೊಟ್ಟಂತಾಗುತ್ತದೆಂದು ಹೆಣ್ಣುಮಕ್ಕಳನ್ನು ಸುಮ್ಮನಾಗಿಸಿದರು. ಅಧಿಕಾರಿಗಳ ಕಡೆಯಿಂದಲೂ 'ಅದು ಅವರ ಸಂಸ್ಕೃತಿ, ಹಿರಿಯರು ನೋಡಿಕೊಳ್ಳುತ್ತಾರೆ' ಎಂಬ ಧೋರಣೆ ಬಂತು. ಎರಡೂ ಕಡೆ ಮಾತಾಡುತ್ತಿದ್ದವರು ಗಂಡಸರೇ.

ಸೌತಾಲ್‌ನ ಹೆಂಗಸರು

ಈ ಮೌನ ಒಡೆಯುವ ಕೆಲಸ ಆರಂಭವಾದದ್ದು ಪಶ್ಚಿಮ ಲಂಡನ್ನಿನ ಸೌತಾಲ್‌ನಲ್ಲಿ. ಅಲ್ಲಿ 1979ರಲ್ಲಿ ಏಷ್ಯನ್ ಮತ್ತು ಆಫ್ರಿಕನ್-ಕೆರಿಬಿಯನ್ ಮೂಲದ ಮಹಿಳೆಯರು ಸೇರಿ 'ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್' ಎಂಬ ಸಂಘಟನೆ ಕಟ್ಟಿದರು. ಜನಾಂಗ ದ್ವೇಷವನ್ನೂ ಮನೆಯೊಳಗಿನ ಹಿಂಸೆಯನ್ನೂ ಏಕಕಾಲಕ್ಕೆ ವಿರೋಧಿಸುವುದು ಅವರ ಹಾದಿ. ಇದರಿಂದ ಹೊರಗಿನವರಿಗೂ ಬೇಡ, ಒಳಗಿನವರಿಗೂ ಬೇಡ ಎಂಬ ಸ್ಥಿತಿ ಅವರದಾಯಿತು. 'ಸಂಸಾರ ಒಡೆಯುವವರು' ಎಂಬ ಬಿರುದೂ ಸಿಕ್ಕಿತು.

ಜೈಲಿನಲ್ಲಿದ್ದ ಕಿರಣ್‌ಜಿತ್ ಪರವಾಗಿ ಹೋರಾಡಿದ್ದು ಇದೇ ಸಂಘಟನೆ. ಪ್ರಚೋದನೆಯಿಂದ ನಡೆದ ಕೊಲೆ ಎಂಬ ವಾದಕ್ಕೆ 'ಹಠಾತ್ತನೆ ಮತ್ತು ತಾತ್ಕಾಲಿಕವಾಗಿ' ಸಂಯಮ ಕಳೆದುಕೊಂಡಿರಬೇಕೆಂಬುದು 1949ರಿಂದ ನಡೆದುಬಂದ ವ್ಯಾಖ್ಯೆ. ತಕ್ಷಣ ಕೈಯೆತ್ತುವ ಗಂಡಸಿನ ಕೋಪಕ್ಕೆ ಹೊಂದುವ ಅಳತೆ ಇದು. ವರ್ಷಗಟ್ಟಲೆ ಒಳಗೇ ಬೇಯುವ ಹೆಣ್ಣಿನ ಸಂಕಟಕ್ಕೆ ಹೊಂದುವುದಿಲ್ಲ ಎಂದು ಹೋರಾಟಗಾರರು ವಾದಿಸಿದರು. 1992ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಾಲಯ ಪ್ರಚೋದನೆಯ ವಾದವನ್ನು ಒಪ್ಪಲಿಲ್ಲ. ಆದರೆ ದೀರ್ಘ ಹಿಂಸೆಯಿಂದ ಆಕೆಯ ಮನಸ್ಥಿತಿ ಕುಸಿದಿತ್ತೆಂಬ ಹೊಸ ವೈದ್ಯಕೀಯ ಸಾಕ್ಷ್ಯವನ್ನು ಪರಿಗಣಿಸಿ ಮರು ವಿಚಾರಣೆಗೆ ಆದೇಶಿಸಿತು. ಸೆಪ್ಟೆಂಬರಿನಲ್ಲಿ ಕೊಲೆಯ ಬದಲು ನರಹತ್ಯೆ ಎಂದು ತೀರ್ಮಾನವಾಗಿ, ಅಷ್ಟರಲ್ಲಿ ಅನುಭವಿಸಿದ ಸೆರೆವಾಸವೇ ಶಿಕ್ಷೆಯಾಯಿತು. 'ಪ್ರೊವೋಕ್ಡ್' ಚಿತ್ರದಲ್ಲಿ ಐಶ್ವರ್ಯಾ ರೈ ವಹಿಸಿದ್ದು ಕಿರಣ್‌ಜಿತ್ ಪಾತ್ರವನ್ನೇ. ಹಳೆಯ 'ಪ್ರಚೋದನೆ'ಯ ನಿಯಮವನ್ನು ತೆಗೆದುಹಾಕಿದ 2009ರ ಕಾಯ್ದೆ, ಸಂಯಮ ಕಳೆದುಕೊಳ್ಳುವುದು ಹಠಾತ್ತನೆ ಆಗಿರಲೇಬೇಕಿಲ್ಲ ಎಂದು ಸ್ಪಷ್ಟಪಡಿಸಿತು.

ಹೊಡೆತವೋ, ಗಡೀಪಾರೋ?

ಕೊಲೆಯ ಕಾನೂನು ಹೀಗೆ ಬದಲಾದರೂ ವಲಸೆಯ ಕಾನೂನಿನ ಗಂಟು ಬಿಚ್ಚಲಿಲ್ಲ. ಮದುವೆಯ ಮೇಲೆ ಬಂದ ಹೆಣ್ಣು ಮೊದಲ ಒಂದು ವರ್ಷ ಗಂಡನ ಜೊತೆಯಲ್ಲೇ ಇದ್ದರೆ ಮಾತ್ರ ಆಕೆಗೆ ಕಾಯಂ ವಾಸದ ಹಕ್ಕು. ಈ ಅವಧಿ 2003ರಲ್ಲಿ ಎರಡು ವರ್ಷಕ್ಕೆ, 2012ರಲ್ಲಿ ಐದು ವರ್ಷಕ್ಕೆ ಏರಿತು. ಮದುವೆ ಮುರಿದರೆ ಊರಿಗೆ ವಾಪಸು. ಇದರ ಜೊತೆಗೆ ವೀಸಾದ ಮೇಲೆ ಇನ್ನೊಂದು ಷರತ್ತು: ಸರ್ಕಾರಿ ನೆರವು ಪಡೆಯುವಂತಿಲ್ಲ.

ಈ ಎರಡನೆಯ ಷರತ್ತು ನೋಡಲು ಸಣ್ಣದು, ಪರಿಣಾಮ ದೊಡ್ಡದು. ಬ್ರಿಟನ್ನಿನ ಆಶ್ರಯಧಾಮಗಳು ಬಹುಮಟ್ಟಿಗೆ ನಡೆಯುವುದು ಅಲ್ಲಿ ತಂಗುವವರಿಗೆ ಸರ್ಕಾರ ಕೊಡುವ ವಸತಿ ಭತ್ಯೆಯಿಂದ. ಭತ್ಯೆಗೆ ಅರ್ಹಳಲ್ಲದ ಹೆಣ್ಣನ್ನು ಸೇರಿಸಿಕೊಂಡರೆ ಆ ಖರ್ಚನ್ನು ಧಾಮವೇ ಹೊರಬೇಕು. ಹೀಗಾಗಿ ಮೈಮೇಲೆ ಬಾಸುಂಡೆ ಹೊತ್ತು ಬಂದವಳನ್ನು 'ನಿನ್ನ ವೀಸಾ ಯಾವುದು?' ಎಂದು ಕೇಳಿ ಹಿಂದಕ್ಕೆ ಕಳುಹಿಸುವ ಪರಿಸ್ಥಿತಿ ಬಂತು. ಗಂಡನಿಗೂ ಇದು ಚೆನ್ನಾಗಿ ಗೊತ್ತು. 'ಪೊಲೀಸರಿಗೆ ಹೇಳು, ನಾಳೆಯೇ ನಿನ್ನನ್ನು ವಿಮಾನ ಹತ್ತಿಸುತ್ತಾರೆ' ಎಂಬ ಒಂದು ಮಾತು ಸಾಕು.

ಸೌತಾಲ್‌ನ ಮಹಿಳೆಯರ ಒತ್ತಾಯದ ಫಲವಾಗಿ 1999ರಲ್ಲಿ ಒಂದು ರಿಯಾಯಿತಿ ಬಂತು. ಹಿಂಸೆಯಿಂದಾಗಿ ಮದುವೆ ಮುರಿದದ್ದೆಂದು ಸಾಬೀತು ಮಾಡಿದವರಿಗೆ ದೇಶದಲ್ಲಿ ಉಳಿಯುವ ಅವಕಾಶ ಸಿಕ್ಕಿತು. ಆದರೆ ಸಾಕ್ಷ್ಯವಾಗಿ ಬೇಕಾದದ್ದು ನ್ಯಾಯಾಲಯದ ಆದೇಶ ಅಥವಾ ಪೊಲೀಸ್ ದಾಖಲೆ. ಠಾಣೆಗೆ ಹೋಗಲು ಹೆದರುವವಳಿಗೆ ಠಾಣೆಯ ಕಾಗದವನ್ನೇ ತಾ ಎಂದಂತಾಯಿತು! 2002ರಲ್ಲಿ ಇದು ನಿಯಮವಾದಾಗ ವೈದ್ಯರ, ಆಶ್ರಯಧಾಮಗಳ ಪತ್ರಗಳಿಗೂ ಬೆಲೆ ಬಂತು. ಅರ್ಜಿ ಹಾಕಿ ಕಾಯುವ ಕಾಲದಲ್ಲಿ ಊಟ, ವಸತಿಗೆ ಮೂರು ತಿಂಗಳ ನೆರವು ಸಿಗತೊಡಗಿದ್ದು 2012ರಿಂದ. ಮದುವೆಯ ವೀಸಾದವರಿಗೆ ದೊರೆತ ಈ ರಕ್ಷಣೆಯಿಂದ ವಿದ್ಯಾರ್ಥಿನಿಯರು, ಮನೆಗೆಲಸಕ್ಕೆ ಬಂದವರು ಹೊರಗುಳಿದರು. 2022ರಲ್ಲಿ ಬ್ರಿಟನ್ ಮಹಿಳಾ ದೌರ್ಜನ್ಯ ತಡೆಯ ಇಸ್ತಾಂಬುಲ್ ಒಪ್ಪಂದವನ್ನು ಅನುಮೋದಿಸಿತಾದರೂ, ವಲಸೆ ಬಂದ ಸಂತ್ರಸ್ತೆಯರ ವಾಸದ ಹಕ್ಕಿಗೆ ಸಂಬಂಧಿಸಿದ 59ನೇ ವಿಧಿಯನ್ನು ಬದಿಗಿಟ್ಟಿತು. ಹೆಂಡತಿಯನ್ನು ತವರಿಗೆ ಕರೆತಂದು, ಪಾಸ್‌ಪೋರ್ಟ್ ಕಸಿದುಕೊಂಡು, ಅಲ್ಲೇ ಬಿಟ್ಟು ಹೋಗುವ ಗಂಡಂದಿರಿದ್ದಾರೆ. ಹಾಗೆ ಕೈಬಿಟ್ಟವರು ಹೊರದೇಶದಿಂದಲೇ ಅರ್ಜಿ ಹಾಕುವ ಅವಕಾಶ ಬಂದದ್ದು 2024ರಲ್ಲಿ.

ಅಮೆರಿಕದ ದಾರಿ

ಅಮೆರಿಕದ ಕಥೆಯೂ ಹೆಚ್ಚು ಭಿನ್ನವಲ್ಲ. ಸುಳ್ಳು ಮದುವೆ ತಡೆಯಲೆಂದು ಬಂದ 1986ರ ಕಾಯ್ದೆ, ಹೊಸದಾಗಿ ಮದುವೆಯಾಗಿ ಬಂದವರಿಗೆ ಎರಡು ವರ್ಷದ ಷರತ್ತುಬದ್ಧ ವಾಸ ವಿಧಿಸಿತು. ಷರತ್ತು ತೆಗೆಸಲು ಗಂಡ ಹೆಂಡತಿ ಜಂಟಿಯಾಗಿ ಅರ್ಜಿ ಹಾಕಬೇಕಿತ್ತು. ಗಂಡ ಸಹಿ ಮಾಡದಿದ್ದರೆ? ಹಿಂಸೆಗೊಳಗಾದವರಿಗೆ 1990ರಲ್ಲಿ ವಿನಾಯಿತಿ, 1994ರ ಮಹಿಳಾ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸ್ವತಃ ಅರ್ಜಿ ಹಾಕುವ ಹಕ್ಕು ಬಂದವು. ನ್ಯೂಜೆರ್ಸಿಯ 'ಮಾನವಿ' (1985), ನ್ಯೂಯಾರ್ಕಿನ 'ಸಖಿ' (1989) ದಕ್ಷಿಣ ಏಷ್ಯದ ಹೆಣ್ಣುಮಕ್ಕಳಿಗೆ ನೆರವಾಗಲು ಹುಟ್ಟಿಕೊಂಡ ಸಂಸ್ಥೆಗಳು.

ಕರ್ನಾಟಕಕ್ಕೆ ಈ ಚರಿತ್ರೆ ಹತ್ತಿರವಾಗುವುದು ಇಲ್ಲಿಯೇ. ಬೆಂಗಳೂರಿನಿಂದ ಎಚ್-1ಬಿ ವೀಸಾದ ಮೇಲೆ ಹೋಗುವ ಸಾಫ್ಟ್‌ವೇರ್ ಎಂಜಿನಿಯರನ ಹೆಂಡತಿಗೆ ಸಿಗುವುದು ಎಚ್-4 ವೀಸಾ. 1994ರ ಕಾಯ್ದೆಯ ಹಕ್ಕು ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಉಳ್ಳವರ ಪತ್ನಿಯರಿಗೆ ಮಾತ್ರ. ಎಚ್-4 ಪತ್ನಿಗೆ ಅನ್ವಯಿಸದು. ಎಂಜಿನಿಯರಿಂಗ್, ಎಂ.ಎ. ಪದವಿ ಇದ್ದರೂ ಆಕೆ ಕೆಲಸಕ್ಕೆ ಹೋಗುವಂತಿರಲಿಲ್ಲ. 2015ರಲ್ಲಿ ಗ್ರೀನ್ ಕಾರ್ಡ್ ಹಾದಿಯಲ್ಲಿ ಮುಂದೆ ಸಾಗಿದವರ ಪತ್ನಿಯರಿಗಷ್ಟೇ ಕೆಲಸದ ಅನುಮತಿ ಸಿಕ್ಕಿತು. ಹಿಂಸೆಗೊಳಗಾದ ಎಚ್-4 ಪತ್ನಿಯರಿಗೆ ಕೆಲಸದ ಅನುಮತಿ ಕೊಡಬಹುದೆಂದು 2005ರ ಕಾಯ್ದೆಯೇ ಹೇಳಿದ್ದರೂ ಅದು ಜಾರಿಗೆ ಬಂದದ್ದು ಹನ್ನೆರಡು ವರ್ಷಗಳ ನಂತರ, 2017ರಲ್ಲಿ.

ಅರ್ಧ ಶತಮಾನದ ಈ ಹಾದಿಯನ್ನು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ದೂರು ಕೊಡದ ಹೆಣ್ಣನ್ನು 'ಹೆದರುಪುಕ್ಕಲಿ', 'ಸಂಪ್ರದಾಯಸ್ಥೆ' ಎನ್ನುವುದು ಸುಲಭ. ಆದರೆ ಅವಳ ಮೌನದ ಹಿಂದೆ ಸಂಪ್ರದಾಯದಷ್ಟೇ ಕಾನೂನಿನ ಕೈಯೂ ಇದೆ. ನಿಯಮ ಬದಲಾದಾಗಲೆಲ್ಲ ಮಾತಾಡಲು ಮುಂದೆ ಬಂದ ಹೆಣ್ಣುಮಕ್ಕಳಿದ್ದಾರೆ. ವಿದೇಶದ ಸಂಬಂಧ ಬಂದಾಗ ಹುಡುಗನ ಸಂಬಳ, ಮನೆ, ಕಾರು ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ಮಗಳು ಯಾವ ವೀಸಾದ ಮೇಲೆ ಹೋಗುತ್ತಾಳೆ, ಅವಳ ಪಾಸ್‌ಪೋರ್ಟ್ ಯಾರ ಬಳಿ ಇರುತ್ತದೆ, ಕಷ್ಟ ಬಂದರೆ ಯಾವ ಬಾಗಿಲು ತಟ್ಟಬಹುದು ಎಂಬುದನ್ನೂ ಕೇಳಿ ತಿಳಿದುಕೊಳ್ಳುವುದು ಹೆತ್ತವರಿಗೆ ಒಳ್ಳೆಯದು.